ಪುಟ್ಟ ಮಕ್ಕಳೊಂದಿಗೆ ಮೂರು ಕಿಲೋಮೀಟರ್: ಕರಾವಳಿಯ ರಸ್ತೆ ಓಟಕ್ಕೆ ಮನೆಮಂದಿಯ ಸಿದ್ಧತೆ

ಮಳೆಗಾಲ ಮುಗಿದು ದೀಪಾವಳಿಯ ಗೂಡುದೀಪಗಳು ಅಟ್ಟ ಸೇರುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ರಸ್ತೆ ಓಟಗಳ ಕಾಲ ಆರಂಭವಾಗುತ್ತದೆ. ಮಂಗಳೂರಿನ ಮ್ಯಾರಥಾನ್ ಸಾಮಾನ್ಯವಾಗಿ ನವೆಂಬರಿನಲ್ಲಿ, ಮಣಿಪಾಲದ್ದು ಫೆಬ್ರವರಿಯಲ್ಲಿ ನಡೆಯುತ್ತದೆ. ಇವುಗಳ ನಡುವೆ ಸಂಘ ಸಂಸ್ಥೆಗಳು ಏರ್ಪಡಿಸುವ ಸಣ್ಣಪುಟ್ಟ ಓಟಗಳೂ ಇರುತ್ತವೆ. 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನಿಗೂ ಮನೆಮಂದಿಗೂ ಸಂಬಂಧವಿಲ್ಲ. ನಾವು ಹೆಸರು ನೋಂದಾಯಿಸುವುದು ಅದರ ಬಾಲಕ್ಕೆ ಅಂಟಿಕೊಂಡಿರುವ 3 ಅಥವಾ 5 ಕಿಲೋಮೀಟರಿನ ಓಟಕ್ಕೆ. ಇಂಥ ಓಟಗಳಿಗೆ ನಾಲ್ಕೈದು ಬಾರಿ ಮಕ್ಕಳನ್ನು ಕರೆದುಕೊಂಡು ಹೋದ ಮೇಲೆ ನನಗೆ ದೃಢವಾದ ಒಂದು ವಿಷಯವಿದೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಕಾಲಿಗೆ ತಕ್ಕಂತೆ ಇಡೀ ಓಟವನ್ನು ಅಳೆಯಬೇಕು. ತನ್ನ ಸಮಯವನ್ನು ಉತ್ತಮಪಡಿಸಿಕೊಳ್ಳಬೇಕೆಂಬ ಆಸೆ ಅಪ್ಪನಿಗೋ ಅಮ್ಮನಿಗೋ ಇದ್ದರೆ, ಅವರು 10 ಕಿಲೋಮೀಟರಿಗೆ ಬೇರೆಯಾಗಿಯೇ ಹೆಸರು ಕೊಟ್ಟು, ಮಕ್ಕಳ ಓಟವನ್ನು ಇನ್ನೊಬ್ಬರಿಗೆ ಪೂರ್ತಿಯಾಗಿ ಒಪ್ಪಿಸಿಬಿಡುವುದು ಒಳ್ಳೆಯದು.

ದೂರದ ಆಯ್ಕೆ ಮೊದಲನೆಯದು. ಐದಾರು ವರ್ಷದ ಮಗು ಓಡುತ್ತಾ ನಡೆಯುತ್ತಾ 3 ಕಿಲೋಮೀಟರ್ ಮುಗಿಸಬಲ್ಲದು. 5 ಕಿಲೋಮೀಟರಿಗೆ ಒಂಬತ್ತು ಹತ್ತು ವರ್ಷವಾಗಲಿ ಎಂಬುದು ನನ್ನ ಅಭಿಪ್ರಾಯ. ದೊಡ್ಡವರು ಸಾಧಾರಣ ನಡಿಗೆಯಲ್ಲಿ ಒಂದು ಕಿಲೋಮೀಟರಿಗೆ 12 ನಿಮಿಷ ತೆಗೆದುಕೊಳ್ಳುತ್ತಾರೆ, ಆರು ವರ್ಷದ ಮಗುವಿನ ಓಟ ಮತ್ತು ನಡಿಗೆಯ ಮಿಶ್ರಣವೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆದ್ದರಿಂದ 3 ಕಿಲೋಮೀಟರಿಗೆ 35ರಿಂದ 40 ನಿಮಿಷ ಎಂದು ಲೆಕ್ಕ ಹಾಕಿಕೊಳ್ಳಿ. ನೋಂದಣಿಯ ಮೊದಲು ಕನಿಷ್ಠ ವಯಸ್ಸು ಎಷ್ಟು, ಮಗುವಿಗೂ ಪ್ರತ್ಯೇಕ ಹೆಸರು ಕೊಡಬೇಕೇ, ರಸ್ತೆ ಎಷ್ಟು ಗಂಟೆಯವರೆಗೆ ಮುಚ್ಚಿರುತ್ತದೆ ಎಂಬ ಮೂರನ್ನು ಓದಿಕೊಳ್ಳಿ. ಮೂರನೆಯದು ಮುಖ್ಯ, ಏಕೆಂದರೆ ಕೊನೆಯಲ್ಲಿ ಬರುವವರು ನಾವೇ, ಮತ್ತು ರಸ್ತೆ ತೆರೆದ ಕೂಡಲೇ ಸಿಟಿ ಬಸ್ಸುಗಳು ನಮಗಾಗಿ ಕಾಯುವುದಿಲ್ಲ.

ಮಾರ್ಗದ ನಕ್ಷೆಯನ್ನು ದೂರಕ್ಕಿಂತ ಏರುತಗ್ಗುಗಳಿಗಾಗಿ ನೋಡಬೇಕು. ಮಂಗಳೂರು ಗುಡ್ಡಗಳ ಮೇಲೆ ಬೆಳೆದ ಊರು. ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಕಡೆಗೆ ಹತ್ತುವ ರಸ್ತೆ ಕಾರಿನಲ್ಲಿ ಹೋಗುವಾಗ ಗಮನಕ್ಕೂ ಬರುವುದಿಲ್ಲ, ಮಗುವಿನ ಕೈ ಹಿಡಿದು ಹತ್ತುವಾಗ ಪ್ರತಿ ಹೆಜ್ಜೆಯೂ ಲೆಕ್ಕಕ್ಕೆ ಸಿಗುತ್ತದೆ. ಕದ್ರಿಯ ಸುತ್ತಮುತ್ತಲೂ ಹಾಗೆಯೇ. ಮಣಿಪಾಲವಂತೂ ಗುಡ್ಡದ ಮೇಲೆಯೇ ಇದೆ. ಏರಿನಲ್ಲಿ ಮಗು ತಾನಾಗಿಯೇ ನಡೆಯಲು ತೊಡಗುತ್ತದೆ, ಹೀಗಾಗಿ ಅಲ್ಲಿ ಅಪಾಯ ಕಡಿಮೆ. ಬೀಳುವುದು ಇಳಿಜಾರಿನಲ್ಲಿ. ಕಾಲು ತನ್ನಷ್ಟಕ್ಕೆ ವೇಗ ಪಡೆಯುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಅಂಗೈ ಮತ್ತು ಮೊಣಕಾಲು ಕಾಂಕ್ರೀಟಿಗೆ ಉಜ್ಜುತ್ತವೆ. ಇಳಿಜಾರು ಬಂದಲ್ಲಿ ಕೈ ಹಿಡಿದು ಸಣ್ಣ ಹೆಜ್ಜೆಗಳಲ್ಲಿ ಇಳಿಯುವ ನಿಯಮವನ್ನು ಮನೆಯಲ್ಲೇ ಹೇಳಿಟ್ಟಿರಬೇಕು. ಸಾಧ್ಯವಾದರೆ ಹಿಂದಿನ ದಿನ ಸಂಜೆ ಸ್ಕೂಟರಿನಲ್ಲಿ ಆ ಮಾರ್ಗದಲ್ಲೊಮ್ಮೆ ಸುತ್ತಿ ಬಂದು, ಎಲ್ಲಿ ತಿರುಗಬೇಕು, ಎಲ್ಲಿ ಮುಗಿಯುತ್ತದೆ ಎಂಬುದನ್ನು ಮಕ್ಕಳ ಕಣ್ಣಿಗೆ ಕಾಣಿಸಿ.

ಅಭ್ಯಾಸಕ್ಕೆ ಆರು ವಾರ, ವಾರಕ್ಕೆ ಮೂರು ದಿನ ಸಾಕು. ಗಡಿಯಾರ ನೋಡಿ ಒಂದು ನಿಮಿಷ ಓಡು, ಒಂದು ನಿಮಿಷ ನಡೆ ಎಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ನಾವು ಬಳಸುವುದು ಬೀದಿದೀಪದ ಕಂಬಗಳನ್ನು. ಮೊದಲ ಎರಡು ವಾರ ಒಂದು ಕಂಬ ಓಡಿದರೆ ಎರಡು ಕಂಬ ನಡೆಯಬೇಕು, ಮುಂದಿನ ಎರಡು ವಾರ ಒಂದಕ್ಕೆ ಒಂದು, ಆಮೇಲೆ ಎರಡು ಕಂಬ ಓಡಿ ಒಂದು ಕಂಬ ನಡೆಯಬೇಕು. ಕಂಬ ಎಣಿಸುವ ಅಧಿಕಾರವನ್ನು ಮಗುವಿಗೇ ಕೊಟ್ಟರೆ ಅದು ಮೋಸ ಮಾಡುವುದು ಕಡಿಮೆ, ಅಪ್ಪ ಮೋಸ ಮಾಡಿದರೆ ಹಿಡಿಯುವುದು ಹೆಚ್ಚು. ವೇಗ ಅತಿಯಾಯಿತೇ ಎಂದು ತಿಳಿಯಲು ಯಾವ ಕೈಗಡಿಯಾರವೂ ಬೇಡ, ಮಗ್ಗಿ ಹೇಳಿಸಿದರೆ ಸಾಕು. ‘ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು’ ಎಂದು ಓಡುತ್ತಲೇ ತಡೆಯಿಲ್ಲದೆ ಹೇಳಿಕೊಂಡು ಬಂದರೆ ವೇಗ ಸರಿಯಾಗಿದೆ ಎಂದರ್ಥ, ‘ಎರಡ್ಮೂರ್ಲಿ’ ಎಂಬಲ್ಲಿ ಉಸಿರು ಕಟ್ಟಿದರೆ ನಡೆಯುವ ಸಮಯ ಬಂದಿದೆ. ಮೂರರ ಮಗ್ಗಿ ಬರದಿದ್ದ ನನ್ನ ಮಗಳಿಗೆ ಈ ನೆಪದಲ್ಲಿ ಅದೂ ಬಾಯಿಪಾಠವಾಯಿತು.

ಅಭ್ಯಾಸದ ಜಾಗಕ್ಕೆ ನಮ್ಮಲ್ಲಿ ಬರವಿಲ್ಲ. ಕದ್ರಿ ಪಾರ್ಕ್, ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು, ಮಣಿಪಾಲದ ಎಂಡ್ ಪಾಯಿಂಟ್ ಇವೆಲ್ಲ ವಾಹನಗಳ ಕಾಟವಿಲ್ಲದೆ ಓಡಬಹುದಾದ ತಾಣಗಳು. ಪಣಂಬೂರು ಅಥವಾ ಮಲ್ಪೆಯ ಕಡಲತೀರದಲ್ಲಿ ನೀರು ಹಿಂದೆ ಸರಿದ ಮೇಲೆ ಉಳಿಯುವ ಗಟ್ಟಿ ಮರಳು ಮಕ್ಕಳಿಗೆ ಅತ್ಯಂತ ಪ್ರಿಯ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಆದರೆ ಓಟ ನಡೆಯುವುದು ಡಾಂಬರು ಮತ್ತು ಕಾಂಕ್ರೀಟಿನ ಮೇಲಾದ್ದರಿಂದ ಉಳಿದ ದಿನಗಳಲ್ಲಿ ರಸ್ತೆಯಲ್ಲೇ ರೂಢಿಯಾಗಬೇಕು. ವಾಹನ ಓಡಾಡುವ ರಸ್ತೆಯಾದರೆ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ಓಡಿ.

ಶೂ ಹೊಸದಾಗಿರಬಾರದು, ಕನಿಷ್ಠ ಎರಡು ವಾರ ಹಾಕಿ ಪಳಗಿರಬೇಕು. ಮಗುವಿನ ಕಾಲಿನ ಹೆಬ್ಬೆರಳಿನ ತುದಿಗೂ ಶೂವಿನ ಮೂತಿಗೂ ನಡುವೆ ನಿಮ್ಮ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಶಾಲೆಯ ಕಪ್ಪು ಶೂ ಖಂಡಿತ ಬೇಡ. ಲೇಸಿಗೆ ಎರಡು ಗಂಟು ಹಾಕಿ ಉಳಿದ ತುದಿಯನ್ನು ಒಳಗೆ ಸಿಕ್ಕಿಸಬೇಕು. ಆಯೋಜಕರು ಕೊಡುವ ಟೀ-ಶರ್ಟ್‌ನ ಅತಿ ಚಿಕ್ಕ ಅಳತೆಯೂ ಆರು ವರ್ಷದ ಮಗುವಿಗೆ ಮೊಣಕಾಲಿನವರೆಗೆ ಬರುವುದುಂಟು. ಫೋಟೊಕ್ಕೆ ಅದನ್ನು ಹಾಕಿಸಿ, ಓಡಲು ಮಗುವಿನದೇ ತೆಳ್ಳಗಿನ ಬನಿಯನ್ನೋ ಟೀ-ಶರ್ಟನ್ನೋ ಹಾಕಿಸಿ. ಎದೆಗೆ ಚುಚ್ಚುವ ನಂಬರಿನ ಬಿಬ್ ಕೂಡ ದೊಡ್ಡವರ ಅಳತೆಯದು. ಮೊದಲ ಬಾರಿ ಅದನ್ನು ಹಾಗೆಯೇ ಚುಚ್ಚಿದ್ದರಿಂದ, ಪ್ರತಿ ಹೆಜ್ಜೆಗೂ ಬಿಬ್ಬಿನ ಕೆಳ ಅಂಚು ಮಗಳ ತೊಡೆಗೆ ಬಡಿದು, ಒಂದು ಸೇಫ್ಟಿ ಪಿನ್ ಬಿಚ್ಚಿಕೊಂಡು ಹೊಟ್ಟೆಗೆ ಗೀರಿತು. ಈಗ ನಾವು ಕೆಳ ಅಂಚನ್ನು ಒಳಕ್ಕೆ ಮಡಚಿ, ನಾಲ್ಕು ಮೂಲೆಗೂ ನಾಲ್ಕು ಪಿನ್ ಹಾಕಿ, ಒಳಗಿನಿಂದ ಬೆರಳಿಟ್ಟು ಚುಚ್ಚುತ್ತೇವೆ. ಹಿಂಬದಿಯಲ್ಲಿ ಸಮಯ ದಾಖಲಿಸುವ ಚಿಪ್ ಇದ್ದರೆ ಮಡಿಕೆ ಅದರ ಮೇಲೆ ಬರದಂತೆ ನೋಡಿಕೊಳ್ಳಬೇಕು. ಬಿಬ್ಬಿನ ಹಿಂದೆ ತುರ್ತು ಸಂಪರ್ಕದ ಸಂಖ್ಯೆಯನ್ನು ತಪ್ಪದೆ ಬರೆಯಿರಿ, ಮಗುವಿನ ಮುಂಗೈಯ ಮೇಲೂ ಪೆನ್ನಿನಲ್ಲಿ ಬರೆಯಿರಿ.

ಈಗ ನಮ್ಮೂರಿನ ನಿಜವಾದ ಎದುರಾಳಿಯಾದ ಸೆಕೆಯ ವಿಷಯ. ಘಟ್ಟದ ಮೇಲಿನ ಊರುಗಳಲ್ಲಿ ಓಡುವವರ ಸಲಹೆಗಳು ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಬೆವರು ಮೈಯನ್ನು ತಂಪಾಗಿಸುವುದು ಆರಿದಾಗ. ಕಡಲ ಬದಿಯ ಗಾಳಿಯಲ್ಲಿ ಮುಂಜಾನೆಯೂ ತೇವಾಂಶ ತುಂಬಿರುವುದರಿಂದ ಬೆವರು ಆರದೆ ಸುಮ್ಮನೆ ಇಳಿಯುತ್ತದೆ, ಮೈಯ ಶಾಖ ಒಳಗೇ ಉಳಿಯುತ್ತದೆ. ಮಕ್ಕಳು ದೊಡ್ಡವರಷ್ಟು ಬೆವರುವುದೂ ಇಲ್ಲ, ಅದೇ ವೇಗದಲ್ಲಿ ಓಡುವಾಗ ತಮ್ಮ ತೂಕಕ್ಕೆ ಹೋಲಿಸಿದರೆ ಅವರ ದೇಹ ಹೆಚ್ಚು ಶಾಖ ಉತ್ಪಾದಿಸುತ್ತದೆ. ನವೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಆಸುಪಾಸು, ಫೆಬ್ರವರಿಯ ಮೊದಲ ವಾರಗಳಲ್ಲಿ ಏಳಕ್ಕೆ ಹತ್ತಿರ. ದೂರದ ಓಟಗಳನ್ನು ಮೊದಲು ಬಿಟ್ಟು ಮಕ್ಕಳ ಓಟವನ್ನು ಕೊನೆಗೆ ಇಡುವ ಪದ್ಧತಿ ಹಲವೆಡೆ ಇರುವುದರಿಂದ, ಎಲ್ಲರಿಗಿಂತ ಚಿಕ್ಕವರು ಎಲ್ಲರಿಗಿಂತ ಹೆಚ್ಚು ಬಿಸಿಲಿನಲ್ಲಿ ಓಡುವಂತಾಗುತ್ತದೆ. ಎಂಟು ಗಂಟೆಯ ನಂತರ ಆರಂಭವಾಗುವ ಓಟಕ್ಕೆ ಪುಟ್ಟ ಮಕ್ಕಳನ್ನು ನಾನು ಒಯ್ಯುವುದಿಲ್ಲ.

ನೀರನ್ನು ಎದ್ದ ಕೂಡಲೇ ಒಂದು ಲೋಟ, ಹೊರಡುವ ಅರ್ಧ ಗಂಟೆ ಮೊದಲು ಕೆಲವು ಗುಟುಕು ಕುಡಿಸಿ. ಮಧ್ಯದಲ್ಲಿ ಬಾಯಾರಿದಾಗಲೆಲ್ಲ ಒಂದೆರಡು ಗುಟುಕು ಸಾಕು. ಸ್ವಂತ ಬಾಟಲಿ ಕೈಯಲ್ಲಿರಲೇಬೇಕು. ಒಂದು ವರ್ಷ ನಾವು ಓಡಿದ ಕಡೆ ಇದ್ದ ಒಂದೇ ನೀರಿನ ಮೇಜಿನ ಬಳಿಗೆ ಮನೆಮಂದಿಯ ಗುಂಪುಗಳು ತಲುಪುವಾಗ ಖಾಲಿ ಲೋಟಗಳ ರಾಶಿ ಮಾತ್ರ ಉಳಿದಿತ್ತು. ತಲೆನೋವು, ವಾಕರಿಕೆ, ತಲೆಸುತ್ತು, ಸೆಕೆಯಲ್ಲೂ ಮೈ ನವಿರೇಳುವುದು, ಕೇಳಿದ ಪ್ರಶ್ನೆಗೆ ಗೊಂದಲದ ಉತ್ತರ ಇವುಗಳಲ್ಲಿ ಯಾವುದು ಕಂಡರೂ ಓಟ ಅಲ್ಲಿಗೆ ಮುಗಿಯಿತು. ನೆರಳಿಗೆ ಕರೆದೊಯ್ದು, ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು ಒರೆಸಿ ಗಾಳಿ ಹಾಕಿ, ಸ್ವಯಂಸೇವಕರನ್ನು ಕೂಗಬೇಕು. ಮಗು ಗೊಂದಲದಲ್ಲಿದ್ದರೆ ಅಥವಾ ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಉಬ್ಬಸವಿರುವ ಮಗುವಿನ ಇನ್ಹೇಲರ್ ದೊಡ್ಡವರ ಜೇಬಿನಲ್ಲಿರಲಿ, ಓಟದ ಮೊದಲು ಅದನ್ನು ಬಳಸಬೇಕೇ ಎಂದು ವೈದ್ಯರನ್ನು ಮುಂಚೆಯೇ ಕೇಳಿಕೊಳ್ಳಿ.

ಹಿಂದಿನ ರಾತ್ರಿ ಮಾಮೂಲಿ ಊಟ ಸಾಕು, ಗಂಜಿ ಚಟ್ನಿಯಾದರೂ ಆಗುತ್ತದೆ. ಬೆಳಿಗ್ಗೆ ಓಟಕ್ಕೆ ಒಂದು ಗಂಟೆ ಮೊದಲು ಒಂದು ಬಾಳೆಹಣ್ಣು, ಬೇಕಾದರೆ ಒಂದು ಇಡ್ಲಿ. ಕಾಯುವ ಹೊತ್ತು ಓಡುವ ಹೊತ್ತಿಗಿಂತ ಉದ್ದವಾಗಿರುತ್ತದೆ ಎಂಬುದನ್ನು ನೆನಪಿಟ್ಟು, ಮಕ್ಕಳನ್ನು ವೇದಿಕೆಯ ಸ್ಪೀಕರಿನಿಂದ ದೂರ ಕುಳ್ಳಿರಿಸಿ, ಸಾಲು ಬೆಳೆಯುವ ಮೊದಲೇ ಶೌಚಾಲಯಕ್ಕೆ ಕರೆದೊಯ್ಯಿರಿ. ಸಂಗೀತಕ್ಕೆ ಎಲ್ಲರನ್ನೂ ಕುಣಿಸುವ ವಾರ್ಮ್-ಅಪ್‌ನಲ್ಲಿ ಮಕ್ಕಳು ಅರ್ಧ ಶಕ್ತಿ ಮುಗಿಸಿಬಿಡುತ್ತಾರೆ.

ಓಟ ಹಾಳಾಗುವುದು ಮೊದಲ 300 ಮೀಟರಿನಲ್ಲಿ. ಜನರೆಲ್ಲ ಒಮ್ಮೆಲೇ ಹೊರಟಾಗ ಮಗುವಿಗೆ ಅದು ಬೆನ್ನಟ್ಟುವ ಆಟದಂತೆ ಕಾಣುತ್ತದೆ. ನನ್ನ ಮಗಳು ಮೊದಲ ವರ್ಷ ಬಾಣದಂತೆ ಹೋಗಿ, ಮಂಗಳೂರಿನ ಲಾಲ್‌ಬಾಗ್ ತಲುಪುವ ಮೊದಲೇ ಫುಟ್‌ಪಾತಿನ ಅಂಚಿನಲ್ಲಿ ಕುಳಿತು ‘ಎತ್ತಿಕೊ ಅಪ್ಪಾ’ ಎಂದಳು. ಆದ್ದರಿಂದ ಗುಂಪಿನ ಕೊನೆಯಲ್ಲಿ ನಿಲ್ಲಿ, ಮುಂದಿನವರು ಚದುರುವವರೆಗೆ ನಡೆಯಿರಿ, ಮೊದಲ ಐದು ಕಂಬ ಓಡುವಂತಿಲ್ಲ ಎಂಬ ಒಪ್ಪಂದ ಮನೆಯಲ್ಲೇ ಆಗಿರಲಿ. ರಸ್ತೆ ಮುಚ್ಚಿದ್ದರೆ ಎಡಬದಿ ಹಿಡಿದು, ವೇಗವಾಗಿ ಬರುವವರಿಗೆ ಬಲಬದಿ ಬಿಡಿ. ಮಗುವಿನ ಬಲಕ್ಕೆ, ಅರ್ಧ ಹೆಜ್ಜೆ ಹಿಂದೆ ದೊಡ್ಡವರಿರಬೇಕು. ಮುಂದೆ ಓಡಿದರೆ ಮಗು ನಮ್ಮ ಹೆಜ್ಜೆಗೆ ತನ್ನದನ್ನು ಎಳೆಯುತ್ತದೆ, ಹಿಂದಿದ್ದರೆ ವೇಗ ಅದರದೇ ಆಗಿರುತ್ತದೆ ಮತ್ತು ನಮ್ಮ ಕಣ್ಣು ಅದರ ಮೇಲಿರುತ್ತದೆ. ಎಂಟು ವರ್ಷದೊಳಗಿನ ಪ್ರತಿ ಮಗುವಿಗೂ ಒಬ್ಬ ದೊಡ್ಡವರು ಬೇಕು. ಅಣ್ಣ ಮುಂದೆ ಹೋಗಬೇಕೆಂದರೆ ಅವನ ಜೊತೆ ಅಮ್ಮ ಹೋಗಲಿ, ತಂಗಿಯೊಂದಿಗೆ ಅಪ್ಪ ಉಳಿಯಲಿ. ಯಾರೂ ಯಾರಿಗಾಗಿಯೂ ಮಾರ್ಗಮಧ್ಯದಲ್ಲಿ ಕಾಯದೆ, ಮೊದಲೇ ಗೊತ್ತುಮಾಡಿದ ಮರದಡಿಯಲ್ಲೋ ಗೇಟಿನ ಬಳಿಯಲ್ಲೋ ಸೇರಬೇಕು.

ಎರಡನೆಯ ಕಿಲೋಮೀಟರಿನಲ್ಲಿ ‘ಅಪ್ಪಾ, ಇನ್ನು ಎಷ್ಟು ಉಂಟು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಸ್ವಲ್ಪವೇ’ ಎಂದು ಸುಳ್ಳು ಹೇಳಬೇಡಿ, ಎರಡನೆಯ ಸಲಕ್ಕೆ ಮಗು ನಂಬುವುದಿಲ್ಲ. ‘ಅಜ್ಜಿ ನಿಂತಿರುವ ಸರ್ಕಲಿನವರೆಗೆ’ ಎಂದು ಕಾಣುವ ಗುರುತನ್ನು ಹೇಳಿ. ಮೊಣಕಾಲು ನೋವಿನ ಅಜ್ಜಿಯನ್ನು ಓಟಕ್ಕೆ ಎಳೆಯುವ ಬದಲು ಹೀಗೆ ತಿರುವಿನಲ್ಲಿ ನಿಲ್ಲಿಸುವುದು ಎಲ್ಲರಿಗೂ ಲಾಭ. ಒಂದು ಕುರ್ಚಿ, ಒಂದು ಬಾಟಲಿ ನೀರು, ಒಂದು ಬೈರಾಸು (ಟವೆಲ್) ಅವರ ವಶದಲ್ಲಿರಲಿ. ಓಡುವಾಗ ಮಗುವಿಗೆ ಪಕ್ಕೆ ಹಿಡಿದುಕೊಂಡರೆ ನಿಧಾನವಾಗಿ ನಡೆಸಿ, ಉಸಿರನ್ನು ದೀರ್ಘವಾಗಿ ಬಿಡಿಸಿ, ಎರಡು ನಿಮಿಷದಲ್ಲಿ ಅದು ಬಿಡುತ್ತದೆ. ಎತ್ತಿಕೊಂಡು ಓಡುವುದು ಮಾತ್ರ ಬೇಡ, ಇಬ್ಬರೂ ಬೀಳುತ್ತೀರಿ.

ಮುಗಿತಾಯದ ಗೆರೆ ದಾಟಿದ ಮೇಲೆ ತಟ್ಟನೆ ನಿಲ್ಲದೆ ಐದು ನಿಮಿಷ ನಡೆದಾಡಿಸಿ, ನೀರು ಅಥವಾ ಬೊಂಡ (ಎಳನೀರು) ಕುಡಿಸಿ. 3 ಕಿಲೋಮೀಟರಿಗೆ ಓಆರ್‌ಎಸ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬೇಕಾದರೆ ದೊಡ್ಡ ಪೊಟ್ಟಣವನ್ನು ಅದರ ಮೇಲೆ ಬರೆದಿರುವಂತೆ ಒಂದು ಲೀಟರ್ ನೀರಿನಲ್ಲೇ ಕರಗಿಸಬೇಕು, ಲೋಟದಲ್ಲಿ ಅಂದಾಜಿನಿಂದ ಅಲ್ಲ. ಬನ್ಸ್, ಗೋಳಿಬಜೆಯ ಆಸೆ ತೋರಿಸಿಯೇ ಓಡಿಸಿದ್ದರೆ ಆ ಮಾತು ಉಳಿಸಿಕೊಳ್ಳಿ, ಅರ್ಧ ಗಂಟೆ ಬಿಟ್ಟು. ಮರುದಿನ ತೊಡೆ, ಮೀನಖಂಡ ನೋಯುವುದು ಸಹಜ. ಆದರೆ ಮಗು ಕುಂಟಿದರೆ, ಅಥವಾ ಎಂಟರಿಂದ ಹದಿನಾಲ್ಕರ ವಯಸ್ಸಿನವರಿಗೆ ಹಿಮ್ಮಡಿಯ ಹಿಂಭಾಗ ಒತ್ತಿದಾಗ ನೋವಾದರೆ, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ; ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆಯ ಬೆಳವಣಿಗೆಯ ಭಾಗಕ್ಕೆ ಒತ್ತಡ ಬಿದ್ದು ಹೀಗಾಗುವುದುಂಟು.

ಬೆವರಿನಿಂದ ಒದ್ದೆಯಾದ ಶೂಗಳನ್ನು ಅಂದೇ ಲೇಸ್ ಬಿಚ್ಚಿ, ಒಳಗಿನ ಪದರ ಹೊರತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ತುರುಕಿ ಫ್ಯಾನಿನ ಕೆಳಗಿಡಿ. ನಮ್ಮ ಹವೆಯಲ್ಲಿ ಮೂಲೆಗೆಸೆದ ಶೂ ನಾಲ್ಕನೆಯ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಮುಂದಿನ ಓಟಕ್ಕೆ ಹೆಸರು ಕೊಡುವ ಮೊದಲು ಅದನ್ನು ಮಗುವಿಗೆ ತೊಡಿಸಿ, ಹೆಬ್ಬೆರಳಿನ ಜಾಗವನ್ನು ಮತ್ತೊಮ್ಮೆ ಒತ್ತಿ ನೋಡಿ; ಮೂರು ತಿಂಗಳಲ್ಲಿ ಆ ಜಾಗ ಮಾಯವಾಗಿರುವ ಸಾಧ್ಯತೆಯೇ ಹೆಚ್ಚು.