ಕೆಮ್ಮಿದರೆ ಸೋರುತ್ತಾ? ಆಪರೇಷನ್‌ಗೆ ಮೊದಲು ಇದನ್ನು ಮಾಡಿ ನೋಡಿ

ಸೀನಿದರೆ, ಜೋರಾಗಿ ನಕ್ಕರೆ, ತುಂಬಿದ ಬಕೆಟ್ ಎತ್ತಿದರೆ ಎರಡು ಹನಿ ಮೂತ್ರ ಜಾರುವುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡನೇ ಹೆರಿಗೆಯ ನಂತರ ನಾಲ್ಕು ವರ್ಷ ನಾನೂ ಹೇಳಲಿಲ್ಲ. ಮದುವೆಮನೆಗೆ ಹೋದರೂ ಗಾಢ ಬಣ್ಣದ ಸೀರೆಯೇ!

ಕೊನೆಗೆ ಫಿಸಿಯೋಥೆರಪಿಸ್ಟ್ ಕಲಿಸಿದ್ದು ಕೀಗಲ್ ವ್ಯಾಯಾಮ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗಲ್ 1948ರಲ್ಲೇ ಇದರ ಬಗ್ಗೆ ಬರೆದಿದ್ದರಂತೆ. ನಾಲ್ಕು ಜನರ ಮಧ್ಯೆ ಗ್ಯಾಸ್ ತಡೆಯುತ್ತೇವಲ್ಲ, ಹಾಗೆ ಹಿಂದಿನಿಂದ ಮುಂದಕ್ಕೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಐದಾರು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಸಲಕ್ಕೆ 8, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ನನಗೆ ಒಂದೂವರೆ ತಿಂಗಳು ಏನೂ ಗೊತ್ತಾಗದೆ ಬಿಟ್ಟೇಬಿಡುವವಳಿದ್ದೆ. ಕುಕ್ಕರ್ ಕೂಗುವುದನ್ನು ಕಾಯುತ್ತಾ ನಿಂತಾಗ ಮಾಡುವ ರೂಢಿಯೇ ಉಳಿಸಿತು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ.

ಕೆಮ್ಮು ಬರುತ್ತಿದೆ ಅನ್ನಿಸಿದ ತಕ್ಷಣ, ಕೆಮ್ಮುವ ಮೊದಲೇ ಅದೇ ಸ್ನಾಯುಗಳನ್ನು ಬಿಗಿಹಿಡಿಯಿರಿ. ನನಗೆ ಬೇಗ ಕೈಹಿಡಿದದ್ದು ಇದೇ.

ತೂಕ ಹೆಚ್ಚಿದ್ದರೆ ಇಳಿಸಿ, ಮಲಬದ್ಧತೆ ಬೆಳೆಸಿಕೊಳ್ಳಬೇಡಿ. ಸೋರುತ್ತದೆಂದು ನೀರು ಕುಡಿಯುವುದನ್ನೇ ಬಿಡುವುದು ಮಾತ್ರ ಬೇಡ. ವ್ಯಾಯಾಮ ಸಾಲದಿದ್ದರೆ ಯೋನಿಯೊಳಗೆ ಇಡುವ ಪೆಸರಿ ಎಂಬ ಸಿಲಿಕೋನ್ ಬಳೆಯೂ ಇದೆ. ಅಳತೆ ನೋಡಿ ಡಾಕ್ಟರೇ ಕೊಡಬೇಕು. ಉರಿ, ರಕ್ತ, ಏನೋ ಕೆಳಗೆ ಇಳಿದಂತೆ ಅನ್ನಿಸಿದರೆ ವ್ಯಾಯಾಮ ಆಮೇಲೆ, ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.