ಅನುಭವವಿಲ್ಲದ ನನ್ನ ಕೈಗೆ ಲಾರಿಯ ಕೀಲಿ ಬಂದ ಬಗೆ

ಭಾರೀ ವಾಹನದ ಲೈಸೆನ್ಸ್ ಕೈಗೆ ಬಂದ ಮೇಲೂ ಕಲಬುರಗಿಯ ಯಾವ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೂ ನನಗೆ ಕೆಲಸ ಸಿಗಲಿಲ್ಲ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಇಲ್ಲಿಯವರೆಗೆ ಯಾರ ಗಾಡಿ ಓಡಿಸಿದ್ದೀಯಪ್ಪಾ?" ಅವರದೂ ತಪ್ಪಲ್ಲ. ಲಕ್ಷಾಂತರ ರೂಪಾಯಿಯ ಲಾರಿ, ಅದರ ಮೇಲೆ ಇನ್ನೊಬ್ಬರ ಮಾಲು. ಕಾಗದ ನೋಡಿ ಯಾರೂ ಕೀಲಿ ಕೊಡುವುದಿಲ್ಲ. ನಮ್ಮ ಕೈ ನೋಡಿದವರೊಬ್ಬರು ಹೇಳಿದರೆ ಕೊಡುತ್ತಾರೆ. ಇದು ಮನದಟ್ಟಾದ ಮೇಲೆ ಆಫೀಸುಗಳನ್ನು ಬಿಟ್ಟು ಲಾರಿ ನಿಲ್ಲುವ ಜಾಗಗಳಿಗೆ ಹೋಗತೊಡಗಿದೆ.

ಲೈಸೆನ್ಸಿನ ಮಾತನ್ನು ಮೊದಲೇ ಮುಗಿಸುತ್ತೇನೆ. ಸರಕು ಲಾರಿಗೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ ಎರಡೂ ಬೇಕು. ಆ ಒಂದು ವರ್ಷವನ್ನು ಸುಮ್ಮನೆ ಕಳೆಯಬೇಡಿ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ನಾನು ಊರಿನವರ ಪಿಕಪ್‌ನಲ್ಲಿ ತೊಗರಿ ಚೀಲಗಳನ್ನು ಎಪಿಎಂಸಿಗೆ ಸಾಗಿಸುತ್ತಿದ್ದೆ. ಭಾರ ಹೇರಿದ ಗಾಡಿಗೆ ಬ್ರೇಕ್ ಎಷ್ಟು ಮೊದಲೇ ಒತ್ತಬೇಕೆಂಬುದು ಅಲ್ಲಿ ಕಾಲಿಗೆ ಬಂತು.

ನಿಜವಾದ ಕಲಿಕೆ ಆದದ್ದು ಕ್ಲೀನರ್ ಆಗಿ ಸೇರಿದ ಮೇಲೆ. ಲೈಸೆನ್ಸ್ ಇಟ್ಟುಕೊಂಡು ಕ್ಲೀನರ್ ಕೆಲಸವೇ ಎಂದು ಮನೆಯವರು ಬೇಸರಪಟ್ಟರು. ನನಗೆ ಮಾತ್ರ ಅದಕ್ಕಿಂತ ನೇರವಾದ ದಾರಿ ಕಾಣಲಿಲ್ಲ, ಇಂದಿಗೂ ಕಾಣುತ್ತಿಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ಮಾಲು ಹೇರುತ್ತಿದ್ದ ಲಾರಿ ಅದು. ನಮ್ಮ ಉಸ್ತಾದ್, ಅಂದರೆ ಆ ಲಾರಿಯ ಚಾಲಕರು, ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ಹೊರಡುತ್ತಿರಲಿಲ್ಲ. ಗಾಳಿಯ ಒತ್ತಡ ತೋರಿಸುವ ಮುಳ್ಳು ಏರಿ, ಎಚ್ಚರಿಕೆಯ ಸದ್ದು ನಿಲ್ಲುವವರೆಗೆ ಕಾಯುತ್ತಿದ್ದರು. ಟ್ಯಾಂಕಿನಲ್ಲಿ ಗಾಳಿ ತುಂಬದೆ ಏರ್ ಬ್ರೇಕ್ ಹಿಡಿಯುವುದಿಲ್ಲ. ಅಷ್ಟರಲ್ಲಿ ನಾನು ಜಾಕ್ ರಾಡ್ ಹಿಡಿದು ಒಂದೊಂದೇ ಟೈರ್ ಬಡಿಯುತ್ತ ಸುತ್ತು ಬರಬೇಕು. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದು ಇಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಹೊರಗಿನದು ಅದನ್ನು ಎತ್ತಿ ಹಿಡಿದಿರುತ್ತದೆ. ತುಂಬಿದ ಟೈರ್ ರಾಡನ್ನು ಪುಟಿಸಿ ಖಣ್ ಎಂಬ ಸದ್ದು ಕೊಡುತ್ತದೆ, ಇಳಿದದ್ದು ಮಂಕಾಗಿ ಧಪ್ ಎನ್ನುತ್ತದೆ. ತಾಡಪತ್ರಿ ಬಿಗಿಯುವುದೂ ಅಷ್ಟೇ ಮುಖ್ಯ. ನೀರು ತಗುಲಿದ ಸಿಮೆಂಟ್ ಚೀಲ ಕಲ್ಲಾಗುತ್ತದೆ, ಇಳಿಸಿಕೊಳ್ಳುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಖಾಲಿ ಗಾಡಿ ಸಿಕ್ಕಾಗ ಉಸ್ತಾದ್, "ತಮ್ಮಾ, ಹಿಂದಕ್ಕೆ ತೆಗೆ" ಎನ್ನುತ್ತಿದ್ದರು. ದಾಲ್ ಮಿಲ್ಲುಗಳ ಗೇಟು ಕಿರಿದು, ಒಳಗೆ ಹಮಾಲರ ಓಡಾಟ. ಕನ್ನಡಿ ನಂಬಿ, ಸಂದೇಹ ಬಂದರೆ ಇಳಿದು ನೋಡಿ, ನಿಧಾನವಾಗಿ ಹಿಂದಕ್ಕೆ ಬರುವುದನ್ನು ಅಲ್ಲೇ ಅಭ್ಯಾಸ ಮಾಡಿದೆ. ಒಂದು ಮಿಲ್ಲಿನ ಲೆಕ್ಕ ನೋಡುವ ಮುನೀಮರು ಇದನ್ನು ದಿನವೂ ನೋಡುತ್ತಿದ್ದರಂತೆ; ನನಗದು ಗೊತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರತೊಡಗಿದರೆ ನಮ್ಮ ಕಡೆ ಲಾರಿಗೆ ಪುರುಸೊತ್ತಿಲ್ಲ. ಅದೇ ಹೊತ್ತಿಗೆ ಕಬ್ಬಿನ ಸಾಗಣೆಯೂ ಜೋರು. ಚಾಲಕರ ಕೊರತೆ ಬೀಳುವುದು ಆಗಲೇ, ಹೊಸಬರ ಮೇಲೆ ಕಣ್ಣು ಬೀಳುವುದೂ ಆಗಲೇ. ಮುನೀಮರು ಉಸ್ತಾದರನ್ನು ಕೇಳಿದರು, ಉಸ್ತಾದ್ ಹೂಂ ಎಂದರು, ಸಾಹುಕಾರರು ಕೀಲಿ ಕೊಟ್ಟರು. ಮೊದಲು ಎಪಿಎಂಸಿಯಿಂದ ಮಿಲ್ಲಿಗೆ, ಆಮೇಲೆ ಹುಮನಾಬಾದ್ ದಾಟಿ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೈದರಾಬಾದಿಗೆ. ಬೇಸಿಗೆಯಲ್ಲಿ ಕೆಲಸ ಕೇಳಿಕೊಂಡು ಬರುವ ಹುಡುಗರಿಗೆ ನಾನು ಹೇಳುವುದು, ಈಗ ಕ್ಲೀನರ್ ಆಗಿ ಸೇರಿಕೊಳ್ಳಿ, ಸುಗ್ಗಿಯ ಹೊತ್ತಿಗೆ ನಿಮ್ಮ ಮುಖ ಪರಿಚಯವಾಗಿರಲಿ ಎಂದು. ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕೀಲಿ ಹಿಡಿಯುವ ಮೊದಲು ಸಂಬಳ, ಟ್ರಿಪ್ಪಿನ ಭತ್ಯೆ, ಮಾಲು ಕಡಿಮೆ ಬಿದ್ದರೆ ಯಾರ ಲೆಕ್ಕ ಎಂಬುದನ್ನು ಬಾಯಿಬಿಟ್ಟು ಕೇಳಿ. ಹೊಸಬ ಎಂದು ಸಂಕೋಚ ಬೇಡ. ವಿಮೆ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ), ಪರ್ಮಿಟ್‌ಗಳ ದಿನಾಂಕವನ್ನು ಕಣ್ಣಾರೆ ನೋಡಿ. ವಿಮೆ ಮುಗಿದ ಗಾಡಿಯನ್ನು "ಇದೊಂದು ಟ್ರಿಪ್ ಹೊಡೆದು ಬಾ" ಎಂದು ಎಷ್ಟೇ ಒತ್ತಾಯಿಸಿದರೂ ನಾನು ಹತ್ತುವುದಿಲ್ಲ. ಲಾರಿ ತೂಗುವ ಕಾಟಾದಲ್ಲಿ ತೂಕ ಮೀರಿದ್ದರೆ ಇಳಿಸಿದ ಮೇಲೆಯೇ ಹೊರಡುತ್ತೇನೆ.