ಡಗ್ಗಾದ ಪಕ್ಕದಲ್ಲಿ ಬೇಸ್: ಮೂರು ಗಿಟಾರುಗಳನ್ನು ಹೋಲಿಸಿ ನೋಡಿದ ನನ್ನ ಅನುಭವ

ಬೆಂಗಳೂರಿನ ಒಂದು ಸಣ್ಣ ಹವ್ಯಾಸಿ ಸುಗಮ ಸಂಗೀತ ತಂಡದಲ್ಲಿ ನಾನು ಹನ್ನೊಂದು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ನಮ್ಮಲ್ಲಿ ಯಾರೂ ಸಂಗೀತವನ್ನೇ ನಂಬಿ ಬದುಕುವವರಲ್ಲ. ವಾರವೆಲ್ಲ ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ದುಡಿದು, ಶನಿವಾರ ಸಂಜೆ ನಮ್ಮ ಗಾಯಕರ ಮನೆಯ ಮಹಡಿಯ ಕೋಣೆಯಲ್ಲಿ ಸೇರಿ ಭಾವಗೀತೆಗಳನ್ನೂ ಹಳೆಯ ಚಿತ್ರಗೀತೆಗಳನ್ನೂ ಅಭ್ಯಾಸ ಮಾಡುತ್ತೇವೆ. ರಾಜ್ಯೋತ್ಸವಕ್ಕೆ, ಗಣೇಶನ ಹಬ್ಬಕ್ಕೆ ಬಡಾವಣೆಯವರು ಕರೆದರೆ ಹೋಗಿ ನುಡಿಸುತ್ತೇವೆ. ಹಾರ್ಮೋನಿಯಂ, ಕೀಬೋರ್ಡ್, ಕೊಳಲು, ತಬಲಾ ಮತ್ತು ನನ್ನ ಬೇಸ್, ಇಷ್ಟೇ ನಮ್ಮ ವಾದ್ಯಗಳು. ಮೂರು ವರ್ಷಗಳ ಹಿಂದೆ ಅಭ್ಯಾಸ ಮುಗಿದ ಮೇಲೆ ನಮ್ಮ ತಬಲಾ ವಾದಕರು ಬಹಳ ಸಂಕೋಚದಿಂದಲೇ ಒಂದು ಮಾತು ಹೇಳಿದರು: "ನಿಮ್ಮ ಸ್ವರ ನನ್ನ ಡಗ್ಗಾದ ಮೇಲೆ ಕೂತುಬಿಡುತ್ತದೆ ಸರ್. ನನ್ನ ಎಡಗೈ ನನಗೇ ಕೇಳಿಸುವುದಿಲ್ಲ." ಡಗ್ಗಾ ಎಂದರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸುವ, ತಗ್ಗಿನ ನಾದದ ವಾದ್ಯ. ನನ್ನ ಗಿಟಾರಿನ ದನಿ ಚೆನ್ನಾಗಿದೆ ಎಂದು ಅಷ್ಟು ವರ್ಷ ನಂಬಿಕೊಂಡಿದ್ದ ನಾನು, ಬೇರೆ ಗಿಟಾರುಗಳೊಂದಿಗೆ ಅದನ್ನು ಇಟ್ಟು ನೋಡಬೇಕೆಂದು ಹೊರಟದ್ದು ಈ ಮಾತಿನಿಂದ.

ನನ್ನದು ಜಾಝ್ ಬೇಸ್ ಮಾದರಿಯ ಗಿಟಾರು. ಒಬ್ಬ ಗೆಳೆಯನ ಬಳಿ ಪ್ರಿಸಿಷನ್ ಬೇಸ್ ಮಾದರಿಯದಿತ್ತು, ಇನ್ನೊಬ್ಬನ ಬಳಿ ಬ್ರಿಡ್ಜಿನ ಕಡೆಗೆ ಒಂದೇ ದೊಡ್ಡ ಹಂಬಕರ್ ಪಿಕಪ್ ಇದ್ದು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಬೇಸ್ ಇತ್ತು. ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಹಂಬಕರ್ ಎಂದರೆ ಎರಡು ಸುರುಳಿಗಳ ಪಿಕಪ್, ಬ್ರಿಡ್ಜ್ ಎಂದರೆ ಗಿಟಾರಿನ ಮೈಮೇಲೆ ತಂತಿಗಳ ಕೆಳತುದಿ ಕೂರುವ ಜಾಗ. ಹವ್ಯಾಸಿಗಳ ನಡುವೆ ಬೇಸಿನ ಮಾತು ಬಂದಾಗಲೆಲ್ಲ ಸುತ್ತಾಡುವುದು ಈ ಮೂರು ವಂಶಗಳ ಸುತ್ತಲೇ. ಅಮೆರಿಕದ ಗಿಟಾರು ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸಿಗೆ, ಇಂದು ನಾವು ಕಾಣುವ ಎರಡು ತುಂಡಾಗಿ ಸೀಳಿದ ಪಿಕಪ್ ಬಂದದ್ದು 1957ರಲ್ಲಿ. ಕಿರಿದಾದ ನೆಕ್ಕು (ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಮತ್ತು ಎರಡು ಪಿಕಪ್ಪುಗಳಿರುವ ಜಾಝ್ ಬೇಸ್ 1960ರದು. ಹಂಬಕರ್ ಮತ್ತು ಗಿಟಾರಿನೊಳಗೇ ಸದ್ದನ್ನು ಏರಿಸುವ ಪ್ರಿಆಂಪ್ ಇರುವ ಸ್ಟಿಂಗ್‌ರೇ 1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯಿಂದ ಬಂತು. ಅದರ ಹಿಂದೆಯೂ ಲಿಯೋ ಫೆಂಡರ್ ಇದ್ದರು. ಮೂರರಲ್ಲೂ ತಂತಿಯ ಉದ್ದ 34 ಇಂಚು, ನಾಲ್ಕು ತಂತಿಗಳು, ಅದೇ ಇ, ಎ, ಡಿ, ಜಿ. ಆದ್ದರಿಂದ ಹೋಲಿಕೆ ಸುಲಭ ಎಂದು ನಾವು ಭಾವಿಸಿದೆವು.

ಮೊದಲ ಭಾನುವಾರದ ಹೋಲಿಕೆ ಪೂರ್ತಿ ವ್ಯರ್ಥವಾಯಿತು. ಒಂದರ ನಂತರ ಒಂದನ್ನು ಅದೇ ಆಂಪಿಗೆ ಜೋಡಿಸಿ ನುಡಿಸಿದೆವು. ಆ್ಯಕ್ಟಿವ್ ಬೇಸ್ ಎಲ್ಲಕ್ಕಿಂತ ಮಿಗಿಲೆಂದೂ, ನನ್ನದು ಸ್ಪಷ್ಟವೆಂದೂ, ಗೆಳೆಯನ ಪ್ರಿಸಿಷನ್ ಮಂಕೆಂದೂ ಎಲ್ಲರೂ ಒಪ್ಪಿಕೊಂಡು ಮನೆಗೆ ಹೋದೆವು. ಆ ತೀರ್ಪಿನಲ್ಲಿ ಎರಡು ತಪ್ಪುಗಳಿದ್ದದ್ದು ರಾತ್ರಿ ಯೋಚಿಸಿದಾಗ ಹೊಳೆಯಿತು. ನನ್ನ ಗಿಟಾರಿಗೆ ಹದಿನೈದು ದಿನಗಳ ಹಿಂದಷ್ಟೇ ಹೊಸ ತಂತಿ ಹಾಕಿದ್ದೆ; ಗೆಳೆಯನ ತಂತಿಗಳಿಗೆ ನಾಲ್ಕು ವರ್ಷ ತುಂಬಿತ್ತು. ಎರಡನೆಯದಾಗಿ, ಪ್ರಿಆಂಪ್ ಇರುವ ಬೇಸ್ ಸಹಜವಾಗಿಯೇ ಹೆಚ್ಚು ಜೋರಾಗಿತ್ತು. ಸದ್ದು ಏರಿದಂತೆಲ್ಲ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಹೆಚ್ಚು ತುಂಬಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ನಾವು ಮೆಚ್ಚಿದ್ದು ಬಹುಪಾಲು ಸದ್ದನ್ನೇ ಹೊರತು ನಾದವನ್ನಲ್ಲ.

ಎರಡನೆಯ ಸಲ ಮೂರಕ್ಕೂ ಒಂದೇ ಕಂಪನಿಯ, ಒಂದೇ ದಪ್ಪದ, 45ರಿಂದ 105ರವರೆಗಿನ (ಇಂಚಿನ ಸಾವಿರದ ಭಾಗಗಳಲ್ಲಿ) ರೌಂಡ್‌ವೌಂಡ್, ಅಂದರೆ ಮೇಲೆ ದುಂಡು ತಂತಿ ಸುತ್ತಿದ, ತಂತಿಗಳನ್ನು ಹಾಕಿಸಿದೆವು. ಖರ್ಚು ಕಡಿಮೆಯಾಗಲಿಲ್ಲ, ಆದರೆ ಈ ಕೆಲಸ ಮಾಡದೆ ಗಿಟಾರುಗಳನ್ನು ಹೋಲಿಸಿದೆ ಎನ್ನುವವರ ಮಾತನ್ನು ನಾನು ಈಗ ಅರ್ಧ ಮಾತ್ರ ನಂಬುತ್ತೇನೆ. ಮಿಕ್ಸರಿನ ಮೀಟರು ನೋಡಿ ಮೂರರ ಸದ್ದನ್ನೂ ಸಮ ಮಾಡಿದೆವು. ಆಮೇಲೆ ಒಬ್ಬ ಅದೇ ಎಂಟು ಆವರ್ತಗಳನ್ನು ಮೂರರಲ್ಲೂ ಮನಸ್ಸಿಗೆ ಬಂದ ಕ್ರಮದಲ್ಲಿ ನುಡಿಸಬೇಕು, ಉಳಿದವರು ಗೋಡೆಯ ಕಡೆ ಮುಖ ಮಾಡಿ ಕುಳಿತು ಯಾವುದು ಯಾವುದೆಂದು ಬರೆಯಬೇಕು ಎಂದು ನಿಯಮ ಮಾಡಿಕೊಂಡೆವು. ಮೊದಲ ವಾರದ "ಮಂಕು" ಪ್ರಿಸಿಷನ್ನನ್ನು ಅದರ ಒಡೆಯನೇ ಜಾಝ್ ಬೇಸ್ ಎಂದು ಬರೆದ. ನಾನೂ ಎರಡು ಬಾರಿ ತಪ್ಪಿದೆ. ಎಲ್ಲರಿಗಿಂತ ಹೆಚ್ಚು ಸರಿಯಾಗಿ ಗುರುತಿಸಿದವರು, ಗಿಟಾರನ್ನು ಎಂದೂ ಕೈಯಲ್ಲಿ ಹಿಡಿಯದ ನಮ್ಮ ತಬಲಾ ವಾದಕರು. ಹೇಗೆಂದು ಕೇಳಿದಾಗ, ದನಿ ಹೇಗಿದೆ ಎಂಬುದನ್ನು ತಾವು ಕೇಳಲೇ ಇಲ್ಲ, ಪೆಟ್ಟು ಹೇಗೆ ಬೀಳುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನಷ್ಟೇ ಕೇಳಿದೆ ಎಂದರು. ಅಂದಿನಿಂದ ನಾನು ಬೇಸನ್ನು ಕೇಳುವ ಬಗೆಯೇ ಬದಲಾಯಿತು.

ಹಾಗೆ ಕೇಳಿದಾಗ ವ್ಯತ್ಯಾಸಗಳು ನಿಜವಾಗಿಯೂ ಇದ್ದವು. ಪ್ರಿಸಿಷನ್ನಿನಲ್ಲಿ ಪೆಟ್ಟು ಮತ್ತು ಮೈ ಒಟ್ಟಿಗೆ ಬರುತ್ತವೆ. ಸ್ವರದ ನಡುಭಾಗ ಗಟ್ಟಿಯಾಗಿ ಮುಂದೆ ನಿಲ್ಲುತ್ತದೆ. ಜಾಝ್ ಬೇಸಿನಲ್ಲಿ ಎರಡೂ ಪಿಕಪ್ಪುಗಳನ್ನು ಪೂರ್ತಿ ತೆರೆದಾಗ, ಒಂದೇ ತಂತಿಯ ಕಂಪನವನ್ನು ಎರಡು ಜಾಗಗಳಿಂದ ಹಿಡಿದು ಕೂಡಿಸುವುದರಿಂದ ಕೆಲವು ಮಧ್ಯದ ಅನುಸ್ವರಗಳು (ಆಧಾರಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಪರಸ್ಪರ ಅಳಿಸಿಹೋಗುತ್ತವೆ. ಒಂಟಿಯಾಗಿ ಕೇಳಿದಾಗ ಮಧುರವೂ ವಿಶಾಲವೂ ಆಗಿ ತೋರುವ ಆ ದನಿ, ಹಾರ್ಮೋನಿಯಂ ಮತ್ತು ಕೀಬೋರ್ಡು ಸೇರಿದ ಕೂಡಲೇ ತೆಳುವಾಗುತ್ತದೆ. ಕಾಣೆಯಾದ ನಡುಭಾಗವನ್ನು ತುಂಬಲೆಂದು ನಾನು ಆಂಪಿನ ಬೇಸ್ ನಾಬನ್ನು ಏರಿಸುತ್ತಿದ್ದೆ, ಆ ಹೆಚ್ಚುವರಿ ಭಾರ ನೇರವಾಗಿ ಡಗ್ಗಾದ ಮೇಲೆ ಬೀಳುತ್ತಿತ್ತು. ತಬಲಾದವರ ದೂರಿನ ಒಂದು ಕಾರಣ ಅಲ್ಲಿತ್ತು. ಆ್ಯಕ್ಟಿವ್ ಬೇಸ್ ಸ್ವಚ್ಛವಾಗಿಯೂ ಚುರುಕಾಗಿಯೂ ಇತ್ತು. ಆದರೆ ಭಾವಗೀತೆಯ ಮೆಲ್ಲನೆಯ ನಡೆಯಲ್ಲಿ ಪ್ರತಿ ಸ್ವರದ ಅಂಚೂ ಹರಿತವಾಗಿ ಕೇಳಿ, ಗಾಯಕರ ಪದಗಳ ನಡುವೆ ಚುಚ್ಚಿದಂತಾಗುತ್ತಿತ್ತು. ವೇಗದ ಹಾಡುಗಳಿರುವ ತಂಡಕ್ಕೆ ಅದು ಒಳ್ಳೆಯ ವಾದ್ಯ, ನಮಗೆ ಅಲ್ಲ.

ಇಲ್ಲಿ ಸಭಾಂಗಣದ ಒಂದು ತೊಂದರೆಯನ್ನೂ ಹೇಳಬೇಕು. ಜಾಝ್ ಬೇಸಿನ ಪಿಕಪ್ಪುಗಳು ಸಿಂಗಲ್ ಕಾಯಿಲ್, ಅಂದರೆ ಒಂದೊಂದೇ ಸುರುಳಿಯವು, ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುವಂಥವು; ಎರಡನ್ನೂ ಸಮವಾಗಿ ತೆರೆದರೆ ಗುಂಯ್‌ಗುಡುವಿಕೆ ಪರಸ್ಪರ ಕಳೆದುಹೋಗುತ್ತದೆ, ಒಂದನ್ನು ಇಳಿಸಿದರೆ ಕೇಳತೊಡಗುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ನಮ್ಮ ಗಾಯಕರ ಶ್ರುತಿ ಸಿ ಶಾರ್ಪ್. ಅದರ ಪಂಚಮ, ಅಂದರೆ ಇ ತಂತಿಯ ನಾಲ್ಕನೆಯ ಫ್ರೆಟ್ಟಿನ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಜಿ ಶಾರ್ಪ್, ಸುಮಾರು 51.9 ಹರ್ಟ್ಸ್. ಬ್ರಿಡ್ಜ್ ಪಿಕಪ್ ಒಂದನ್ನೇ ತೆರೆದು ಆ ಪಂಚಮವನ್ನು ಉದ್ದಕ್ಕೆ ಹಿಡಿದರೆ, ವಿದ್ಯುತ್ತಿನ ಗುಂಯ್ ಜೊತೆಗೆ ಅದು ಉಜ್ಜಿ ಸೆಕೆಂಡಿಗೆ ಸುಮಾರು 2 ಬಾರಿ ತೂಗಾಡುತ್ತದೆ. ಒಂದು ಕಾರ್ಯಕ್ರಮದಲ್ಲಿ ನನ್ನ ತಂತಿಯೇ ಶ್ರುತಿ ತಪ್ಪಿದೆಯೆಂದು ಮೂರು ಸಲ ಬಿಗಿ ಸರಿಪಡಿಸಿದ್ದೆ. ತಂತಿ ಸರಿಯಾಗಿಯೇ ಇತ್ತು. ಪ್ರಿಸಿಷನ್ನಿನ ಸೀಳು ಪಿಕಪ್ಪಿನಲ್ಲಿ ಎರಡು ಅರ್ಧಗಳನ್ನು ವಿರುದ್ಧವಾಗಿ ಸುತ್ತಿರುವುದರಿಂದ ಈ ಚಿಂತೆಯಿಲ್ಲ.

ಮೂರನೆಯ ಸಲ ನಾವು ಗಿಟಾರುಗಳನ್ನು ಬಿಟ್ಟು ಕೈಗಳನ್ನು ಹೋಲಿಸಿದೆವು. ಒಂದೇ ಪ್ರಿಸಿಷನ್ನನ್ನು ಮೂವರೂ ನುಡಿಸಿ ಧ್ವನಿಮುದ್ರಿಸಿಕೊಂಡು, ಹಿಂದಿನ ವಾರ ಒಬ್ಬನೇ ಮೂರು ಗಿಟಾರುಗಳಲ್ಲಿ ನುಡಿಸಿದ್ದರ ಪಕ್ಕದಲ್ಲಿಟ್ಟು ಕೇಳಿದಾಗ, ಮೂರು ಗಿಟಾರುಗಳ ನಡುವಿನ ಅಂತರಕ್ಕಿಂತ ಮೂರು ಕೈಗಳ ನಡುವಿನ ಅಂತರವೇ ದೊಡ್ಡದೆಂದು ಯಾರಿಗೂ ಅನುಮಾನ ಉಳಿಯಲಿಲ್ಲ. ತಂತಿಯನ್ನು ಮೀಟುವ ಜಾಗ ನೆಕ್ಕಿನ ಕಡೆಗೆ ಸರಿದಷ್ಟೂ ಆಧಾರಸ್ವರ ದಪ್ಪವಾಗುತ್ತದೆ, ಬ್ರಿಡ್ಜಿನ ಕಡೆಗೆ ಸರಿದಷ್ಟೂ ಅನುಸ್ವರಗಳು ಮೇಲೇಳುತ್ತವೆ. ವೀಣೆ ನುಡಿಸುವವರಿಗೆ ಇದು ಹೊಸದೇನಲ್ಲ. ಆದರೆ ಮಾಧುರ್ಯಕ್ಕಾಗಿ ಅಂಗಡಿಯಲ್ಲಿ ಪಿಕಪ್ಪುಗಳನ್ನು ಹುಡುಕುವ ನಾವು, ನಮ್ಮ ಬೆರಳನ್ನು ನಾಲ್ಕು ಅಂಗುಲ ಸರಿಸಿ ನೋಡಿರುವುದೇ ಇಲ್ಲ. ನಾನು ಅಷ್ಟು ವರ್ಷ ಬ್ರಿಡ್ಜ್ ಪಿಕಪ್ಪಿನ ಮೇಲೆ ಹೆಬ್ಬೆರಳು ಊರಿ ಎರಡು ಬೆರಳುಗಳಿಂದ ಮೀಟುತ್ತಿದ್ದೆ. ಅದು ಜಾಕೋ ಪಾಸ್ಟೋರಿಯಸ್ ಅವರ ವಾದನವನ್ನು ಕೇಳಿ ಮೋಹಗೊಂಡ ಕಾಲೇಜು ದಿನಗಳ ಅಭ್ಯಾಸ. ಫ್ರೆಟ್ಟುಗಳನ್ನು ತೆಗೆದ ಜಾಝ್ ಬೇಸಿನಲ್ಲಿ ಅವರು ಆ ಜಾಗದಿಂದಲೇ ಹಾಡುವಂಥ ದನಿ ತೆಗೆಯುತ್ತಿದ್ದರು, ನಿಜ. ಆದರೆ ಅಲ್ಲಿ ಬೇಸ್ ಮುಂದೆ ನಿಂತು ಹಾಡುತ್ತದೆ. ನಮ್ಮಲ್ಲಿ ಹಾಡುವವರು ಬೇರೆ ಇದ್ದಾರೆ.

ನನಗೆ ದಾರಿ ತೋರಿಸಿದವರು ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್. ಅವರದು 1962ರ ಪ್ರಿಸಿಷನ್ ಬೇಸ್. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಹಳೆಯ ಫ್ಲಾಟ್‌ವೌಂಡ್ ತಂತಿಗಳನ್ನು ಬದಲಾಯಿಸುತ್ತಿರಲಿಲ್ಲ. ಬ್ರಿಡ್ಜಿನ ಮುಚ್ಚಳದ ಕೆಳಗೆ ಫೋಮಿನ ತುಂಡಿತ್ತು. ರೌಂಡ್‌ವೌಂಡ್ ತಂತಿಯ ಮೇಲೆ ದುಂಡು ತಂತಿಯ ಸುತ್ತು ಇರುವಂತೆ ಫ್ಲಾಟ್‌ವೌಂಡಿನಲ್ಲಿ ಚಪ್ಪಟೆ ಪಟ್ಟಿಯ ಸುತ್ತು ಇರುತ್ತದೆ; ಅದರಿಂದ ಬೆರಳು ಜಾರುವ ಕಿರುಗುಟ್ಟುವಿಕೆಯೂ ಮೇಲಿನ ಅನುಸ್ವರಗಳೂ ಕಡಿಮೆಯಾಗುತ್ತವೆ. ಮೊದಲ ವಾರ ನಾವು ಮಂಕೆಂದು ಬದಿಗೆ ಸರಿಸಿದ ದನಿ ಹೆಚ್ಚುಕಡಿಮೆ ಇದೇ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ಅವರು ಪಿಕ್ಕಿನಿಂದ (ತಂತಿ ಮೀಟುವ ಸಣ್ಣ ಬಿಲ್ಲೆ) ನುಡಿಸುತ್ತ ತಂತಿಯನ್ನು ಬಟ್ಟೆಯಿಂದ ತುಸು ಅದುಮಿಟ್ಟು ತೆಗೆಯುತ್ತಿದ್ದ ಖಚಿತವಾದ ದನಿಯನ್ನೂ ಪ್ರಯತ್ನಿಸಿದೆ. ಹಳೆಯ ಚಿತ್ರಗೀತೆಗಳಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಲ್ಯಾರಿ ಗ್ರಹಾಂ ಪ್ರಸಿದ್ಧಗೊಳಿಸಿದ, ಹೆಬ್ಬೆರಳಿನಿಂದ ಬಡಿದು ತೋರುಬೆರಳಿನಿಂದ ಎಳೆಯುವ ಸ್ಲ್ಯಾಪ್ ಶೈಲಿಯನ್ನು ಮಾತ್ರ ಬಿಟ್ಟೆ. ಡ್ರಮ್ಮರ್ ಇಲ್ಲದ ತಂಡದಲ್ಲಿ ಡ್ರಮ್ಮಿನ ಕೆಲಸವನ್ನು ಬೇಸಿನಿಂದ ಮಾಡಿಸಲು ಹುಟ್ಟಿದ ಶೈಲಿ ಅದು. ನಮ್ಮಲ್ಲಿ ಆ ಕೆಲಸಕ್ಕೆ ತಬಲಾ ಇದೆ.

ತಬಲಾದ ಪಕ್ಕದಲ್ಲಿ ಬೇಸ್ ಹೇಗಿರಬೇಕು ಎಂಬುದಕ್ಕೆ ಅಮೆರಿಕದ ಯಾವ ವಾದಕರಿಂದಲೂ ನೇರವಾದ ಉತ್ತರ ಸಿಗುವುದಿಲ್ಲ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಒಂದು ಗುದ್ದು ಕೊಟ್ಟು ಸುಮ್ಮನಾಗುತ್ತದೆ. ಡಗ್ಗಾ ಹಾಗಲ್ಲ, ಬಾರಿಸಿದ ಮೇಲೆ ಮಣಿಕಟ್ಟನ್ನು ಒತ್ತಿ ಜಾರಿಸಿದಾಗ ಅದರ ನಾದ ಮೇಲೆ ಕೆಳಗೆ ಸರಿಯುತ್ತದೆ, ಅದೇ ಅದರ ಚೆಲುವು. ಅಷ್ಟು ಹೊತ್ತು ನಾನು ಅದೇ ನೆರೆಯಲ್ಲಿ ಒಂದು ನೇರವಾದ ಸ್ವರವನ್ನು ಎಳೆದು ಹಿಡಿದರೆ ಆ ಜಾರುವಿಕೆ ಸತ್ತುಹೋಗುತ್ತದೆ. ಇದನ್ನು ಬಿಡಿಸಿಕೊಳ್ಳಲು ನಾವಿಬ್ಬರೂ ಬೇರೆಯವರಿಲ್ಲದೆ ನಾಲ್ಕು ಸಂಜೆ ಕುಳಿತೆವು. ಎಂಟು ಮಾತ್ರೆಯ ಕೆಹರ್ವಾ ತಾಳವನ್ನು "ಧಾ ಗೆ ನ ತಿ, ನ ಕ ಧಿ ನ" ಎಂದು ಅವರು ಬಾಯಲ್ಲಿ ಹೇಳಿದಾಗ ನನಗೆ ಕಂಡದ್ದು ಇದು: ಡಗ್ಗಾ ತೆರೆದು ಮೊಳಗುವುದು ಧಾ, ಗೆ ಮತ್ತು ಧಿ ಬರುವಲ್ಲಿ ಮಾತ್ರ, ಮೂರನೆಯ ಮಾತ್ರೆಯಿಂದ ಆರನೆಯದರವರೆಗೆ ಕೆಳಗಿನ ಜಾಗ ಖಾಲಿ. ನಾನು ಅದುವರೆಗೆ ಮೊದಲ ಮಾತ್ರೆಯಲ್ಲಿ ಷಡ್ಜವನ್ನು ಮೀಟಿ ನಾಲ್ಕು ಮಾತ್ರೆ ಎಳೆಯುತ್ತಿದ್ದೆ. ಈಗ ಮೊದಲ ಮಾತ್ರೆಯ ಷಡ್ಜವನ್ನು ಮೊಟಕಾಗಿ ಮುಗಿಸಿ, ಮೂರನೆಯದರಲ್ಲಿ ಮತ್ತೆ ಮೀಟಿ ಅಲ್ಲಿ ಉದ್ದಕ್ಕೆ ಬಿಡುತ್ತೇನೆ. ಆರು ಮಾತ್ರೆಯ ದಾದ್ರಾದಲ್ಲಿ "ಧಾ ಧಿನ್ ನಾ, ಧಾ ತಿನ್ ನಾ" ಎಂಬುದರ ಕೊನೆಯ ಎರಡು ಮಾತ್ರೆಗಳು ನನ್ನವು. ಸ್ವರದ ಸ್ಥಾನವನ್ನೂ ಬದಲಾಯಿಸಿದೆ. ಡಗ್ಗಾ ಹೆಚ್ಚು ಕೆಲಸ ಮಾಡುವ ಚರಣಗಳಲ್ಲಿ ಪಂಚಮವನ್ನು ಇ ತಂತಿಯ ನಾಲ್ಕನೆಯ ಫ್ರೆಟ್ಟಿನ ಬದಲು ಒಂದು ಸ್ಥಾಯಿ ಮೇಲೆ, ಡಿ ತಂತಿಯ ಆರನೆಯ ಫ್ರೆಟ್ಟಿನಲ್ಲಿ ಹಿಡಿಯುತ್ತೇನೆ. ಪಲ್ಲವಿಗೆ ಮರಳಿದಾಗ ಕೆಳಗಿಳಿದರೆ, ಆ ಇಳಿತವೇ ಹಾಡಿಗೆ ಬಂದ ಹೊಸ ಬಲವಾಗಿ ಕೇಳುತ್ತದೆ. ಇಳಯರಾಜ ಅವರ ಎಂಬತ್ತರ ದಶಕದ ಹಾಡುಗಳಲ್ಲಿ ಬೇಸ್ ಎಲ್ಲಿ ಮೇಲೇರುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ಈ ಕಿವಿಯಿಂದ ಮತ್ತೆ ಕೇಳಿದಾಗ, ಚಿಕ್ಕಂದಿನಿಂದ ಕೇಳಿದ ಹಾಡುಗಳೇ ನನಗೆ ಪಾಠವಾದವು.

ಇದನ್ನೆಲ್ಲ ಮಾಡುವವರಿಗೆ ಒಂದು ಎಚ್ಚರಿಕೆ: ಅಭ್ಯಾಸದ ಮುದ್ರಣವನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ಬೇಸನ್ನು ಅಳೆಯಬೇಡಿ. ಆ ಪುಟ್ಟ ಸ್ಪೀಕರಿನಿಂದ ಇ ತಂತಿಯ 41 ಹರ್ಟ್ಸ್ ಹೊರಗೆ ಬರುವುದೇ ಇಲ್ಲ. ಮೇಲಿನ ಅನುಸ್ವರಗಳನ್ನು ಕೇಳಿ ಕಿವಿ ಆಧಾರಸ್ವರವನ್ನು ಊಹಿಸಿಕೊಳ್ಳುತ್ತದೆ. ಅದರಲ್ಲಿ ಹೊಸ ರೌಂಡ್‌ವೌಂಡ್ ತಂತಿಯೇ ಯಾವಾಗಲೂ ಗೆಲ್ಲುತ್ತದೆ.

ಕೊನೆಗೆ ನಾನು ಪ್ರಿಸಿಷನ್ ಮಾದರಿಯ ಒಂದು ಹಳೆಯ ಗಿಟಾರನ್ನು ಕೊಂಡೆ. ಅದಕ್ಕೆ ಫ್ಲಾಟ್‌ವೌಂಡ್ ತಂತಿ ಹಾಕಿ, ಟೋನ್ ನಾಬನ್ನು ಅರ್ಧಕ್ಕೆ ಇಳಿಸಿ, ನೆಕ್ಕು ಮುಗಿಯುವ ಜಾಗಕ್ಕೂ ಪಿಕಪ್ಪಿಗೂ ನಡುವೆ ಮೀಟುತ್ತೇನೆ. ಬ್ರಿಡ್ಜಿನ ಬಳಿ ತಂತಿಗಳ ಕೆಳಗೆ ಫೋಮಿನ ಪಟ್ಟಿಯೊಂದನ್ನು ತೂರಿಸಿದ್ದೇನೆ. ಮೊದಲು ಹಾಕಿದ ಪಟ್ಟಿ ದಪ್ಪವಾಗಿ ಸ್ವರ ಹುಟ್ಟುವ ಮೊದಲೇ ಉಸಿರುಗಟ್ಟುತ್ತಿತ್ತು. ಪಾತ್ರೆ ತೊಳೆಯುವ ಸ್ಪಂಜನ್ನು ತಂತಿಗೆ ಕೇವಲ ತಾಗುವಷ್ಟು ತೆಳುವಾಗಿ ಕತ್ತರಿಸಿದ ಮೇಲೆ ಸರಿಹೋಯಿತು. ಫ್ಲಾಟ್‌ವೌಂಡಿನ ಬಿಗಿತ ಹೆಚ್ಚಿದ್ದುದರಿಂದ ನೆಕ್ಕು ತುಸು ಬಾಗಿತು. ನೆಕ್ಕಿನ ಬಾಗನ್ನು ಸರಿಪಡಿಸಲೆಂದು ಅದರೊಳಗಿರುವ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ನೋಡಿ ಸರಿಪಡಿಸಿದೆ. ಜಾಝ್ ಬೇಸನ್ನು ಮಾರಿಲ್ಲ. ಕೊಳಲಿನ ಜೊತೆ ಬೇಸ್ ಒಂದು ಸಣ್ಣ ಮಾತುಕತೆ ನಡೆಸುವ ಎರಡು ಹಾಡುಗಳಿಗೆ ಅದರ ಬ್ರಿಡ್ಜ್ ಪಿಕಪ್ಪೇ ಬೇಕು, ಆ ಹಾಡುಗಳಲ್ಲಿ ತಬಲಾದವರು ಡಗ್ಗಾವನ್ನು ಕಡಿಮೆ ಬಳಸಲು ಒಪ್ಪಿದ್ದಾರೆ. ವೇದಿಕೆಯಲ್ಲಿ ನಾನು ಈಗ ಕುಳಿತುಕೊಳ್ಳುವುದು ಅವರ ಎಡಗೈಯ ಪಕ್ಕದಲ್ಲಿ, ಅವರ ಮಣಿಕಟ್ಟು ನನಗೆ ಕಾಣುವಷ್ಟು ಹತ್ತಿರದಲ್ಲಿ.